ಮೂರನೆಯ ಸಾಲಿನ ಉಸಿರು

ಇಳಕಲ್ಲಿನ ನೇಕಾರರ ಓಣಿಯ ಚಿಕ್ಕ ಚರ್ಚಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹಾಡು ಎತ್ತಿಕೊಡುವವಳು ಸಲೋಮವ್ವ. ಎತ್ತಿಕೊಡುವುದೆಂದರೆ ಮೊದಲ ಸಾಲನ್ನು ಒಬ್ಬಳೇ ಹಾಡುವುದು. ಹಿಂದಿನ ಬೆಂಚಿನ ಮುದುಕರ ಗಂಟಲಿಗೂ ಎಟಕುವಂಥ ಸ್ವರ ಹಿಡಿಯಬೇಕು. ಎತ್ತರಕ್ಕೆ ಹೋದರೆ ಅರ್ಧ ಸಭೆ ಬಾಯಿ ಮುಚ್ಚುತ್ತದೆ. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ವಾರವೆಲ್ಲ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುವಾಗ ಗುನುಗಿ ಗುನುಗಿ ಬಂದ ಅಳತೆ ಅದು.

ಅವಳಿಗಿಂತ ಮೊದಲು ಎತ್ತಿಕೊಡುತ್ತಿದ್ದವನು ಅಪ್ಪ ದಾವೀದಪ್ಪ. ಓದು ಬಾರದು, ಪುಸ್ತಕದ ಹಾಡುಗಳೆಲ್ಲ ಬಾಯಿಪಾಠ. ನಲವತ್ತು ವರ್ಷ ಗುಂಡಿಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಕೂತವನಿಗೆ ಕೊನೆಗಾಲಕ್ಕೆ ದಮ್ಮು ಹತ್ತಿತು. ನೂರಾ ಹದಿನೇಳನೆಯ ಹಾಡಿನ ಮೂರನೆಯ ಸಾಲು ಉದ್ದ. ಅದರ ನಡುವೆ ಅವನ ಉಸಿರು ಮುಗಿದುಹೋಗುತ್ತಿತ್ತು. ಅವನು ನಿಂತು ಎದೆ ತುಂಬ ಉಸಿರೆಳೆದುಕೊಳ್ಳುವ ತನಕ ಸಭೆಯೂ ನೆಲ ನೋಡುತ್ತ ನಿಲ್ಲುತ್ತಿತ್ತು. ನಿಲ್ಲಿರೆಂದು ಯಾರೂ ಹೇಳಿರಲಿಲ್ಲ. ದಾವೀದಪ್ಪ ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು. ಆ ಜಾಗದಲ್ಲಿ ಸಭೆ ಇನ್ನೂ ನಿಲ್ಲುತ್ತದೆ. ಯಾಕೆಂದು ಈಗಿನವರಿಗೆ ಗೊತ್ತಿಲ್ಲ, ಅಥವಾ ಸಲೋಮವ್ವ ಹಾಗೆಂದುಕೊಂಡಿದ್ದಳು. ಹೊರಗಿನಿಂದ ಬಂದ ಬೋಧಕರೊಬ್ಬರು ಒಮ್ಮೆ, "ಇಲ್ಲಿ ನಿಮ್ಮ ಹಾಡು ತಪ್ಪಿದೆಯಲ್ಲಮ್ಮ" ಎಂದಾಗ ಅವಳು ಸೆರಗು ಸರಿಮಾಡಿಕೊಂಡು ಪುಸ್ತಕ ಎತ್ತಿಡಲು ಹೋಗಿದ್ದಳು.

ಕಳೆದ ಕ್ರಿಸ್‌ಮಸ್ಸಿಗೆ ಸವಿತಾ ಎಂಟು ಹುಡುಗ ಹುಡುಗಿಯರ ಕಾಯರ್ ಕಟ್ಟಿದಳು. ಸವಿತಾ ಸಲೋಮವ್ವನ ತಮ್ಮನ ಮಗಳು, ಹುನಗುಂದದ ಕಾಲೇಜಿನಲ್ಲಿ ಓದುತ್ತಾಳೆ. ಕೀಬೋರ್ಡಿಗೆ ಮದುವೆ ಆರ್ಕೆಸ್ಟ್ರಾದ ಅಫ್ಸರ ಬಂದ. ಅವತ್ತಿನ ಹಾಡುಗಳನ್ನೆಲ್ಲ ಅವರೇ ಹಾಡಿದರು. ಒಂದು ಹಾಡಿಗೆ ಸಲೋಮವ್ವನ ಕಣ್ಣು ತೇವವಾಯಿತು. ಅಷ್ಟು ಚೆಂದವಿತ್ತು. ಆದರೆ ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ ಹಳೆಯ ನೇಕಾರ ಯೋನಪ್ಪ ಅವಳ ಹತ್ತಿರ ಬಂದು ನಿಂತ.

"ಭಾಳ ಛಲೋ ಹಾಡಿದ್ರವ್ವ ಹುಡುಗ್ರು. ಆದ್ರ ಊಟದ ಪಂಕ್ತ್ಯಾಗ ಕೂತು ಬರೇ ವಾಸನಿ ಕುಡದು ಎದ್ದಂಗಾತು ನೋಡು."

ಈ ಮಾತು ಪಾಸ್ಟರರ ಕಿವಿಗೂ ಬಿದ್ದಿರಬೇಕು. ಚರ್ಚಿನ ಸುಗ್ಗಿ ಹಬ್ಬಕ್ಕೆ ಅವರು ಒಂದು ದಾರಿ ಹುಡುಕಿದರು. ನೂರಾ ಹದಿನೇಳನ್ನು ಸಭೆ, ಕಾಯರ್ ಎಲ್ಲ ಕೂಡಿ ಹಾಡುವುದು, ಸಲೋಮವ್ವ ಕಾಯರಿನ ಜೊತೆ ಮೈಕಿನ ಮುಂದೆ ನಿಲ್ಲುವುದು. ಆಮೇಲೆ ಕಾಯರಿನದೇ ಒಂದು ಹಾಡು. "ಹೊಂದಿಕೊಂಡರ ಹಿಂಗ ನಡಸೂಣು. ಹೊಂದಲಿಲ್ಲಂದ್ರ ಹಾಡೆಲ್ಲ ಹುಡುಗ್ರಿಗೇ ಬಿಟ್ಟುಬಿಡೂಣು, ಸಲೋಮವ್ವ. ಗದ್ದಲ ಬ್ಯಾಡ" ಎಂದರು.

ಶನಿವಾರ ಮಧ್ಯಾಹ್ನ ತಾಲೀಮು. ಅಫ್ಸರ ಒಂದು ಗುಂಡಿ ಒತ್ತಿದ. ಕೀಬೋರ್ಡಿನಿಂದ ತಾಳ ತಾನಾಗಿಯೇ ಹೊರಟಿತು. ಮೂರನೆಯ ಸಾಲಿನ ನಡುವೆ ಸಲೋಮವ್ವ ನಿಂತಳು. ತಾಳ ನಿಲ್ಲಲಿಲ್ಲ.

"ಆಯಿ, ಇಲ್ಲಿ ಯಾಕ ನಿಂತ್ರಿ?" ಎಂದ ಅಫ್ಸರ. "ಸಿಗ್ನಲ್ ಬಿತ್ತೇನು?"

ಹುಡುಗರು ನಕ್ಕರು. ಸವಿತಾ ನಗಲಿಲ್ಲ. "ಅತ್ತಿ, ಪುಸ್ತಕದಾಗ ಅಲ್ಲಿ ನಿಲುಗಡಿ ಇಲ್ಲ. ನೀವು ಒಮ್ಮಿ ನಿಂತ್ರ ಎಂಟೂ ಮಂದಿ ದಿಕ್ಕಾಪಾಲ ಆಗ್ತಾರ."

ಸಲೋಮವ್ವ ಕಾರಣ ಹೇಳಬಹುದಿತ್ತು. ಆದರೆ ಇದು ಸವಿತಾ ಹುಟ್ಟುವುದಕ್ಕೂ ಮುಂಚೆ ಸತ್ತ ಮುದುಕನ ದಮ್ಮಿನ ಮಾತು. ಮೈಕು, ವೈರು, ಹೊಸ ಅಂಗಿಯ ಹುಡುಗರ ನಡುವೆ ಅದನ್ನು ಎಲ್ಲಿಂದ ಶುರು ಮಾಡುವುದು? "ರೂಢಿ ಆಗೇತಿ. ಬಿಡ್ತೇನಿ ತಗೋ" ಎಂದಳು.

ಮನೆಗೆ ಬಂದು ರಾಟಿಯ ಮುಂದೆ ಕೂತಳು. ಚಕ್ರ ತಿರುಗುತ್ತ ಇದ್ದರೆ ನಿಲ್ಲದೆ ಹಾಡುವುದು ಸುಲಭವಾದೀತು ಎಂಬ ಲೆಕ್ಕ. ಮೊದಲು ನಾಲ್ಕು ಸಲ ಮೂರನೆಯ ಸಾಲಿಗೆ ಕೈ ತಾನಾಗಿ ತಡೆಯಿತು, ನೂಲು ಜೋಲುಬಿತ್ತು. ಹತ್ತನೆಯ ಸಲಕ್ಕೆ ತಡೆಯಲಿಲ್ಲ. ಸಾಲು ಒಂದೇ ಎಳೆಯಾಗಿ ಹರಿದುಹೋಯಿತು. ಕಲಿತೆನಲ್ಲ ಎಂಬ ಸಮಾಧಾನದ ಹಿಂದೆಯೇ, ಬಾಗಿಲಿಗೆ ಬಂದ ಯಾರನ್ನೋ ನೋಡಿಯೂ ನೋಡದಂತೆ ದಾಟಿ ಹೋದಂಥ ಸಂಕಟವಾಯಿತು.

ಭಾನುವಾರ ಚರ್ಚಿನ ಮುಂಭಾಗದಲ್ಲಿ ಕಾಣಿಕೆ ಬಂದ ಜೋಳದ ತೆನೆ, ಬದನೆಕಾಯಿ, ಕುಂಬಳ ರಾಶಿಬಿದ್ದಿದ್ದವು. ಹೊಲವಿಲ್ಲದ ನೇಕಾರರು ಎಂದಿನಂತೆ ಒಂದು ಸೀರೆ ನೇಯ್ದು ತಂದಿದ್ದರು. ಸಲೋಮವ್ವ ಮೈಕಿನ ಮುಂದೆ ನಿಂತಳು. ತಾಳ ಶುರುವಾಯಿತು. ಮೊದಲೆರಡು ಸಾಲುಗಳಿಗೆ ಸಭೆ ಅವಳ ದನಿಗೆ ಬೆಚ್ಚಗೆ ಒರಗಿಕೊಂಡಂತೆ ಬಂತು. ಮೂರನೆಯ ಸಾಲು. ಅವಳು ನಿಲ್ಲಲಿಲ್ಲ.

ಸಭೆ ನಿಂತಿತು.

ಅರವತ್ತು ಮಂದಿ ಒಟ್ಟಿಗೆ ಉಸಿರು ಎಳೆದುಕೊಂಡದ್ದು ಅವಳಿಗೆ ಕೇಳಿಸಿತು. ಅವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಕಾಯರ್ ನಾಲ್ಕನೆಯ ಸಾಲಿನಲ್ಲಿತ್ತು. ಹಿಡಿಯಲು ಹೋದವರು ಎಡವಿದರು. ಎರಡನೆಯ ಚರಣದ ಮೂರನೆಯ ಸಾಲಿಗೆ ಇನ್ನಷ್ಟು ಮಂದಿ ಬಿಟ್ಟುಕೊಟ್ಟರು. ಕೊನೆಗೆ ಎಂಟು ಎಳೆಯ ದನಿಗಳು, ಮೈಕಿನಲ್ಲಿ ಅವಳದೊಂದು, ಇಷ್ಟೇ ಉಳಿದವು. ಯೋನಪ್ಪ ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡ.

ಸಲೋಮವ್ವ ಮೈಕು ಬಿಟ್ಟು ಕೆಳಗಿಳಿದಳು. ಹೆಣ್ಣುಮಕ್ಕಳ ಕಡೆಯ ಎರಡನೆಯ ಬೆಂಚು, ಅವಳ ಎಂದಿನ ಜಾಗ. ಅಲ್ಲಿ ನಿಂತು ಮೂರನೆಯ ಚರಣವನ್ನು ತನ್ನ ಸ್ವರದಲ್ಲಿ ಎತ್ತಿದಳು. ಒಂದು ಕ್ಷಣ ಎರಡು ಹಾಡುಗಳು ಒಂದರ ಕಾಲನ್ನು ಇನ್ನೊಂದು ತುಳಿದವು. ಸವಿತಾ ಅವಳ ಕಡೆ ನೋಡಿದಳು, ಆಮೇಲೆ ಮಡಚಿದ ಪುಸ್ತಕಗಳ ಕಡೆ ನೋಡಿ ಅಫ್ಸರನಿಗೆ ನಿಲ್ಲಿಸುವಂತೆ ಕೈಸನ್ನೆ ಮಾಡಿದಳು. ತಾಳ ನಿಂತಿತು.

ಮೂರನೆಯ ಸಾಲಿಗೆ ಎಲ್ಲರೂ ನಿಂತರು, ಕಾಯರ್ ಸಹ. ಉಸಿರು ತುಂಬಿಕೊಂಡು ಮುಂದೆ ಹೋದರು. ಕೊನೆಯ ಚರಣಕ್ಕೆ ಅಫ್ಸರ ತಾಳವಿಲ್ಲದೆ ಬರೀ ಸ್ವರ ಹಿಡಿದು ಹಾಡಿನ ಹಿಂದೆ ಬಂದ. ಯೋನಪ್ಪ ಪುಸ್ತಕ ತೆರೆಯದೆಯೇ ಹಾಡಿದ.

ಆಮೇಲೆ ಕಾಯರ್ ತನ್ನ ಹಾಡು ಹಾಡಿತು. ಸವಿತಾಳ ದನಿ ಮಾಡಿನ ಹಂಚಿನ ತನಕ ಏರಿತು. ಸಲೋಮವ್ವ ತುಟಿ ಆಡಿಸದೆ, ಕೈ ಮಡಿಲಲ್ಲಿಟ್ಟು ಕೇಳಿದಳು. ಆಚೆ ಬದಿಯಿಂದ ಯೋನಪ್ಪ ಪಕ್ಕದವನಿಗೆ ಅಂದದ್ದು ಎಲ್ಲರಿಗೂ ಕೇಳಿಸಿತು. "ಈಗ ಸುಮ್ನ ಕೂಡ್ಲೇ. ನಮ್ಮ ಪಾಳಿ ಮುಗದೈತಿ."

ಹೊರಗೆ ಕಾಣಿಕೆಯ ಕುಂಬಳಕಾಯಿಗಳ ಹರಾಜು ನಡೆದಿದ್ದಾಗ ಸವಿತಾ ಬಂದಳು. ಮುಖ ಬಿಗಿದಿತ್ತು. "ಎಲ್ಲಾರ ಮುಂದ ಇಳದು ಹ್ವಾದ್ರಲ್ಲ ಅತ್ತಿ."

"ಹೌದವ್ವ. ತಪ್ಪಾತು. ಮೊದಲ ಹೇಳಬೇಕಿತ್ತು." ಆಮೇಲೆ ಹೇಳಿದಳು. ಅಪ್ಪನ ದಮ್ಮು, ಉದ್ದದ ಸಾಲು, ನೆಲ ನೋಡುತ್ತ ನಿಲ್ಲುತ್ತಿದ್ದ ಸಭೆ. "ಮಂದಿ ಮರತಾರ ಅಂದ್ಕೊಂಡಿದ್ದೆ. ಮರತಿಲ್ಲ."

ಸವಿತಾ ಕೈಯಲ್ಲಿದ್ದ ಹಾಡಿನ ಹಾಳೆಯನ್ನು ಸುರುಳಿ ಸುತ್ತಿದಳು. "ನಮ್ಮ ಅಜ್ಜನ ಉಸಿರೇನು ಅದು?"

ವೈರು ಸುತ್ತುತ್ತಿದ್ದ ಅಫ್ಸರ ತಲೆಯೆತ್ತಿದ. "ಮೆರವಣಿಗ್ಯಾಗ ಮದುಮಗನ ಕುದರಿ ನಿಂತ್ರ ನಾವೂ ನಿಂದರ್ತೇವಿ, ಆಯಿ. ಹೇಳಿದ್ರ ಮುಗೀತಿತ್ತು."

"ಎಷ್ಟು ಹೊತ್ತು ನಿಂದರಬೇಕು?" ಸವಿತಾ ಪೆನ್ನು ತೆಗೆದಳು. "ಎಣಸಿ ಹೇಳ್ರಿ, ಬರಕೊಳ್ತೇನಿ."

ಸಲೋಮವ್ವನಿಗೆ ಎಣಿಕೆ ಗೊತ್ತಿರಲಿಲ್ಲ. ಮೆಲ್ಲಗೆ ಮೂರನೆಯ ಸಾಲು ಹಾಡಿ, ನಡುವೆ ನಿಂತು, ಅಪ್ಪ ಎಳೆಯುತ್ತಿದ್ದ ಹಾಗೆ ಉಸಿರೆಳೆದು ತೋರಿಸಿದಳು. ಸವಿತಾ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಪೆನ್ನು ಹಾಳೆಗೆ ತಾಗಲಿಲ್ಲ.

"ಇನ್ನೊಮ್ಮಿ, ಅತ್ತಿ" ಎಂದಳು.