ಚಂದ್ರನ ಮನೆಗೊಂದು ಕಟ್ಟೆ

ಎಂಬತ್ತರ ದಶಕದಲ್ಲಿ, ಟಿಳಕವಾಡಿಯಲ್ಲಿ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿದ ನನ್ನ ಕಚೇರಿಗೆ ಮನೆ ಕಟ್ಟಿಸುವವರಿಗಿಂತ ಚಹಾ ಕುಡಿಯುವವರೇ ಹೆಚ್ಚು ಬರುತ್ತಿದ್ದರು. ಬಿಡುವಿತ್ತಲ್ಲ, ಒಂದು ಸ್ಪರ್ಧೆಗೆಂದು ಚಂದ್ರನ ಮೇಲಿನ ಮನೆಯ ನಕ್ಷೆ ಬರೆದೆ. ಅದು ಮೇಜಿನ ಮೇಲಿದ್ದಾಗಲೇ ಖಾನಾಪುರದ ಹಂಚಿನ ವ್ಯಾಪಾರಿ ಮಲ್ಲಪ್ಪನವರು ಬಂದು, ತಾವು ಹೇಳಿದ್ದ ಮನೆಯೆಂದೇ ತಿಳಿದು ಬಾಗಿ ನೋಡತೊಡಗಿದರು. ನನಗೆ ಇದ್ದವರು ಅವರೊಬ್ಬರೇ ಗಿರಾಕಿ, ತಡೆಯಲು ಹೋಗಲಿಲ್ಲ.

“ಮ್ಯಾಲೆ ಹಂಚಿಲ್ಲ, ಮಣ್ಣ ಏರಿಸೀರಿ. ಇರ್ಲಿ, ತಂಪ ಇರ್ತೈತಿ. ಒಂದರ ಹಿಂದ ಒಂದ ಎರಡ ಬಾಗಲಾ ಯಾಕ್ರೀ?”

“ಒಂದು ಮುಚ್ಚಿದ ಮ್ಯಾಲೇನ ಇನ್ನೊಂದು ತೆಗೀಬೇಕ್ರಿ. ಇಲ್ಲಾಂದ್ರ ಒಳಗಿನ ಗಾಳಿ ಹೊರಗ ಹೋಗ್ತೈತಿ. ಇದು ಚಂದ್ರನ ಮ್ಯಾಲಿನ ಮನಿರೀ.”

ಅವರು ನಗಲಿಲ್ಲ. “ಎಲ್ಲೇ ಇರ್ಲಿರಿ, ಕಟ್ಟಿ ಎಲ್ಲೈತಿ? ಬಾಜೂ ಮನಿಯವ್ರು ಬಂದ್ರ ಎಲ್ಲಿ ಕುಂದರ್ಬೇಕು?”

“ಅಲ್ಲಿ ಬಾಜೂ ಮನೀನ ಇಲ್ರೀ.”

“ಒಂದ ಮನಿ ಆದ ಮ್ಯಾಲ ಬಾಜೂಕ ಇನ್ನೊಂದ ಆಗೂದ!”

ಎರಡು ಬಾಗಿಲ ನಡುವೆ ಒಂದು ಕಟ್ಟೆ ಬರೆದುಬಿಟ್ಟೆ. ಸ್ಪರ್ಧೆಯವರು ಅದರ ಸುತ್ತ ಕೆಂಪು ಗೆರೆ ಎಳೆದು ನಕ್ಷೆ ವಾಪಸು ಕಳಿಸಿದರು. ಮಲ್ಲಪ್ಪನವರು ಮಾತ್ರ ಖಾನಾಪುರದ ಮಳೆಗಾಳಿಗೆ ಇದೇ ಸೈ ಎಂದು ಎರಡು ಬಾಗಿಲು, ನಡುವೆ ಕಟ್ಟೆ, ಹಾಗೇ ಕಟ್ಟಿಸಿದರು. ಮೇಲೆ ಮಾತ್ರ ತಮ್ಮದೇ ಹಂಚು.

ಆ ಮನೆಗೆ ಯಾವಾಗ ಹೋದರೂ ಕಟ್ಟೆಯ ಮೇಲೆ ಓಣಿಯವರ ಹರಟೆ ನಡೆದಿರುತ್ತದೆ, ಎರಡೂ ಬಾಗಿಲು ಹಾರುಹೊಡೆದುಕೊಂಡಿರುತ್ತವೆ. ಚಂದ್ರನ ಮೇಲಾಗಿದ್ದರೆ ಚಹಾ ಬರುವಷ್ಟರಲ್ಲಿ ಮನೆಯ ಗಾಳಿಯೆಲ್ಲ ಖಾಲಿ.