ಬೂಟು ಕಳಚಿದರೆ ಬೀಳುವ ಕಾಲು

ಸೈದಪ್ಪನ ಬಲಗಾಲು ಎಪ್ಪತ್ತೇಳರ ಮಳೆಗಾಲದಲ್ಲಿ ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ವ್ಯಾಗನ್ನಿನ ಕೆಳಗೆ ಹೋಯಿತು. ಗುಲಬರ್ಗಾ ಕಡೆಯಿಂದ ಮೂಟೆ ಹೊರಲು ಬಂದವನು. ಡೊಂಬಿವಲಿಯ ಚಾಳಿನಲ್ಲಿ ನನ್ನ ಖೋಲಿಗೆ ತಾಗಿದ್ದೇ ಅವನ ಖೋಲಿ. ಮೊಣಕಾಲಿನ ಕೆಳಗೆ ತುಂಡಾದ ಕಾಲು ಏನಾಯಿತೆಂದು ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. ಅದನ್ನು ಮಣ್ಣು ಮಾಡಬೇಕಿತ್ತು, ಇಲ್ಲದಿದ್ದರೆ ಅಲೆಯುತ್ತದೆ ಎಂದು ಅವನ ಹೆಂಡತಿ ಚಂದ್ರಬಾಯಿ ಹೇಳುತ್ತಲೇ ಇದ್ದಳು. ಇಲ್ಲದ ಬೆರಳು ತುರಿಸುತ್ತವೆ ಎಂದು ಸೈದಪ್ಪ ಗಾಳಿಯಲ್ಲಿ ಕೈಯಾಡಿಸುತ್ತಿದ್ದ.

ಮುಂದೆ ಕಟ್ಟಿಗೆಯ ಕಾಲು ಸಿಕ್ಕಿತು. ಅದಕ್ಕೆ ಬಾಗದ ಪಾದ, ಮೇಲೆ ಎತ್ತರ ಹಿಮ್ಮಡಿಯ ಬೂಟು. ಬೂಟಿನಲ್ಲಿ ಅವನು ಸ್ಟೇಶನ್ನಿನವರೆಗೂ ನಡೆಯುತ್ತಿದ್ದ. ಆದರೆ ಮನೆಯೊಳಗೆ ಮರಗಮ್ಮ ದೇವಿಯನ್ನು ಕೂರಿಸಿದ ಜಗುಲಿ. ಚರ್ಮ ಮೆಟ್ಟಿಕೊಂಡು ಒಳಗೆ ಹೋಗುವುದುಂಟೇ? ಹೊಸ್ತಿಲಲ್ಲಿ ಬೂಟು ಕಳಚಿ ಒಳಗೆ ಕಾಲಿಟ್ಟವನು, ಯಾರೋ ಎದೆಗೆ ಕೈಯಿಟ್ಟು ದಬ್ಬಿದಂತೆ ಹಿಂದಕ್ಕೆ ಬಿದ್ದ. ಮರುದಿನವೂ ಹಾಗೇ.

"ಅರ್ಧ ಮನಷ್ಯಾಗ ಮರಗಮ್ಮ ಒಳಗ ಬಿಡವಲ್ಲಳು ಅಕ್ಕಾ. ಉಳಿದ ಅರ್ಧ ಎಲ್ಲಿ ಅಂತ ಕೇಳ್ತಾಳ" ಎಂದ.

ಕಾಲು ಬಿಚ್ಚಿಟ್ಟು ತೆವಳಿ ಹೋಗು ಎಂದು ನಾನು ಹೇಳಿದರೆ, ನಾನೇನು ಕೂಸೇ ಎಂದು ಕೇಳಿದ. ಅಂದಿನಿಂದ ಊಟ, ನಿದ್ದೆ ಎಲ್ಲ ಹೊರಗಿನ ಗ್ಯಾಲರಿಯಲ್ಲೇ. ಚಂದ್ರಬಾಯಿ ದಿನವೂ ಒಳಗೆ ಕರೆಯುತ್ತಿದ್ದಳು.

ಎಂಬತ್ತೊಂದರಲ್ಲಿ ಠಾಣೆಯಲ್ಲಿ ಕಾಲು ಕೊಡುವ ಕ್ಯಾಂಪು ನಡೆಯಿತು. ನಾನೂ ಜೊತೆಗೆ ಹೋದೆ. ಅಲ್ಲಿಯ ಕೆಲಸಗಾರ ಹಳೆಯ ಕಾಲಿನ ಬೂಟು ತೆಗೆದು ನೆಲದ ಮೇಲೆ ನಿಲ್ಲಿಸಿದ. ಅದು ಹಿಂದಕ್ಕೆ ವಾಲಿತು. ಇದನ್ನು ಬೂಟಿನ ಎತ್ತರಕ್ಕೆಂದೇ ಕೂರಿಸಿದ್ದು, ಬರಿಗಾಲಲ್ಲಿ ನಿಂತರೆ ಮೈಯನ್ನು ಹಿಂದಕ್ಕೆ ಎಳೆಯುತ್ತದೆ ಎಂದು ಮರಾಠಿಯಲ್ಲಿ ಹೇಳಿದ. ದೇವಿ ದಬ್ಬಿರಲಿಲ್ಲ ಎಂದು ತಿಳಿದರೂ ಸೈದಪ್ಪನ ಮುಖ ಅರಳಲಿಲ್ಲ. ಹೊಸದಾಗಿ ಕೊಟ್ಟದ್ದು ರಬ್ಬರಿನ ಪಾದ. ಬರಿಗಾಲಿನವರಿಗೆಂದೇ ಮಾಡಿದ್ದು, ಹೆಜ್ಜೆ ಇಟ್ಟಂತೆ ಬಾಗುತ್ತಿತ್ತು. ಕಂದು ಬಣ್ಣ, ಐದೂ ಬೆರಳು.

ಬಾಗಿಲಲ್ಲಿ ಚಂದ್ರಬಾಯಿ ಎರಡೂ ಪಾದಕ್ಕೆ ನೀರು ಹಾಕಿದಳು. ಅವನು ನೆಟ್ಟಗೆ ಒಳಗೆ ನಡೆದ. ಜಗುಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಹಣೆ ಮುಟ್ಟಿಸಿದ.

"ನೆಲದ ಫರ್ಸಿ ತಣ್ಣಗದ" ಎಂದ.

"ಯಾವ ಕಾಲಿಗಿ?" ಎಂದು ಚಂದ್ರಬಾಯಿ ಕೇಳಿದಳು.

ಅವನು ಬಲಪಾದದ ರಬ್ಬರಿನ ಬೆರಳುಗಳ ಮೇಲೆ ಕೈಯಾಡಿಸಿದ.

"ಎರಡಕ್ಕೂ. ತುರಿಸೂದು ನಿಂತದ. ಆ ಹೋದ ಕಾಲು ಬಂದು ಇದರಾಗ ಕುಂತದ."

ಅವಳು ತಂಬಿಗೆ ಕೆಳಗಿಟ್ಟಳು. ಇಷ್ಟು ವರ್ಷ ಅವಳು ಕರೆದದ್ದು ಗಂಡನನ್ನು ಮಾತ್ರ.

ಆಮೇಲೆ ಸೈದಪ್ಪ ಆ ಮನೆಯಲ್ಲಿ ಚೆನ್ನಾಗಿಯೇ ಓಡಾಡಿಕೊಂಡಿದ್ದ, ವಾಶಿಯಲ್ಲಿ ವಾಚ್‌ಮನ್ ಕೆಲಸಕ್ಕೂ ಹೋದ. ಚಂದ್ರಬಾಯಿ ಮಾತ್ರ ಮಲಗುವಾಗ ತನ್ನ ಚಾಪೆಯನ್ನು ಅವನ ಎಡಮಗ್ಗುಲಿಗೇ ಹಾಸುತ್ತಿದ್ದಳು.