ಬಟ್ಟೆಯ ಕರಡಿಗೆ

ಸಂಕ್ರಾಂತಿಗೆ ಇನ್ನು ಹತ್ತು ದಿನವಿತ್ತು. ನಂಜನಗೂಡಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಸಿದ್ದಲಿಂಗಮ್ಮನವರು ಜಗಲಿಯ ಕಂಬಕ್ಕೆ ನೂಲು ಸಿಕ್ಕಿಸಿಕೊಂಡು ಇಷ್ಟಲಿಂಗ ಕೊರಳಿಗೆ ಕಟ್ಟುವ ಶಿವದಾರ ಹೊಸೆಯುತ್ತಾ ಕೂತಿದ್ದರು. ಫ್ಯಾಕ್ಟರಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಹುಡುಗಿಯೊಬ್ಬಳು ಬಂದು ಮೆಟ್ಟಿಲ ಕೆಳಗೇ ನಿಂತಳು.

"ಅಜ್ಜಿ, ಇಲ್ಲಿ ಶಿವದಾರ ಮಾಡ್ಕೊಡ್ತಾರಂತಲ್ಲ?"

"ಮಾಡ್ತಾ ಕುಂತಿರೋದು ಕಾಣಾಕಿಲ್ವಾ? ಬಾ, ಮೇಲಕ್ಕೆ ಬಾ. ಯಾರಿಗೆ?"

"ನನಗೇ."

ಹುಡುಗಿ ಚೂಡಿದಾರದ ಕತ್ತಿನೊಳಗಿಂದ ಲಿಂಗವಿಟ್ಟಿದ್ದ ಪುಟ್ಟ ಕರಡಿಗೆಯನ್ನು ಈಚೆಗೆ ತೆಗೆದು ತೋರಿಸಿದಳು. ಬೆಳ್ಳಿಯ ಕರಡಿಗೆ, ಹಳೆಯದು, ಚೆನ್ನಾಗಿತ್ತು. ದಾರ ಮಾತ್ರ ನಡುವೆ ತುಂಡಾಗಿ ಗಂಟು ಬಿದ್ದಿತ್ತು. ಸಿದ್ದಲಿಂಗಮ್ಮ ಆ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಇದು ಸವೆದು ಕಿತ್ತೋಗಿದ್ದಲ್ಲ ಕಣವ್ವ. ಕತ್ತರಿ ಬಿದ್ದದೆ. ಯಾರು ಕತ್ತರಿಸ್ದೋರು?"

ಹುಡುಗಿ ಕಂಬದ ಕಡೆ ನೋಡಿಕೊಂಡು ಹೇಳಿದಳು. ಹೆಸರು ಅರ್ಪಿತ. ನರಸೀಪುರದ ಗೊಬ್ಬರದಂಗಡಿ ಗಂಗಾಧರಸ್ವಾಮಿಯವರ ಮಗಳು. ತಾಂಡ್ಯದ ಒಂದು ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಮೂರು ವರ್ಷದಿಂದ ಕೆಲಸ. ನವೆಂಬರಿನಲ್ಲಿ ಎಂಬಿಎ ಎಂಟ್ರೆನ್ಸ್ ಬರೆಯಲು ಮೈಸೂರಿಗೆ ಹೋಗಿದ್ದಳು. ಮೈಮೇಲೆ ಲೋಹದ ಚೂರೂ ಇರಕೂಡದು ಅಂತ ಗೇಟಿನಲ್ಲಿ ತಡೆದರು. ದಾರ ಗಿಡ್ಡ, ತಲೆ ದಾಟಿ ಬರಲಿಲ್ಲ. ಗಂಟು ಬಿಚ್ಚಲೂ ಆಗಲಿಲ್ಲ. ಗೇಟು ಮುಚ್ಚಲು ಐದು ನಿಮಿಷವಿತ್ತು. ಯಾರೋ ಕತ್ತರಿ ತಂದುಕೊಟ್ಟರು. ಜೊತೆಗೆ ಬಂದಿದ್ದ ಅಪ್ಪ ಲಿಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ಆಚೆಗೆ ಬರುವತನಕ ಮರದ ಕೆಳಗೆ ನಿಂತೇ ಇದ್ದರು, ಕೂರಲಿಲ್ಲ.

"ಮೊನ್ನೆ ಸ್ಕೋರು ಬಂತು. ಅರವತ್ತೊಂದು."

"ಫಸ್ಟ್ ಕ್ಲಾಸು! ಮತ್ಯಾಕೆ ಮಕ ಇಂಗೆ ಮಾಡ್ಕೊಂಡಿದ್ದೀಯೆ?"

"ಆ ಅರವತ್ತೊಂದಲ್ಲ ಅಜ್ಜಿ. ನೂರು ಜನ ದರ್ಶನಕ್ಕೆ ಸಾಲು ನಿಂತವ್ರೆ ಅಂತಿಟ್ಕೊಳ್ಳಿ. ನನ್ನ ಹಿಂದೆ ಅರವತ್ತೊಂದು ಜನ. ಮುಂದೆ ಇನ್ನೂ ಮೂವತ್ತೆಂಟು. ಬಾಗಿಲು ತೆಗೆಯೋದು ಮುಂದಿನ ಐದಾರು ಜನಕ್ಕೆ."

"ಅಯ್ಯೋ ಶಿವನೇ."

"ಲಿಂಗ ತೆಗೆಸಿದ್ದಕ್ಕೇ ಹಿಂಗಾಯ್ತು ಅಂತಾರೆ ಅಪ್ಪ. ಗಂಟು ಹಾಕಿದ ದಾರ ಬೇಡ, ಹೊಸದು ಹಾಕ್ಕೊಂಡು ಇನ್ನೊಂದು ಸಲ ಬರಿ ಅಂದ್ರು."

ಸಿದ್ದಲಿಂಗಮ್ಮನಿಗೂ ಅದು ಸರಿಯೆನ್ನಿಸಿತು. ಲಿಂಗ ಮೈ ಬಿಟ್ಟಿತು ಅಂದರೆ ಮನಸ್ಸು ಹೇಗೆ ನಿಂತೀತು? ಅವರು ಹೊಸ ನೂಲು ತೆಗೆದರು. ಮೂರು ಎಳೆ ಹೊಸೆದು ಒಂದು, ಅಂಥವು ಮೂರು ಸೇರಿಸಿ ಇನ್ನೊಮ್ಮೆ ಹೊಸೆದು ದಾರ. ಅವರ ಅತ್ತೆ ಕಲಿಸಿದ ಕೆಲಸ. ಸಿದ್ದಲಿಂಗಮ್ಮನ ಓದು ಎರಡನೇ ಕ್ಲಾಸಿಗೇ ನಿಂತಿತ್ತು. ಅಂಕಿ ಬರುತ್ತಿತ್ತು, ತಮ್ಮ ಹೆಸರು ಬರೆಯಲು ಬರುತ್ತಿತ್ತು, ಅಷ್ಟೇ. ಆದರೆ ಬೀದಿಯಲ್ಲಿ ಅವರ ಮಾತಿಗೆ ತೂಕವಿತ್ತು. ಕೊಳ್ಳಲು ಬಂದವರು ಕೇಳದಿದ್ದರೂ, "ಇದ್ರಲ್ಲಿ ಒಂದೆಳೆ ಕಿತ್ತು ಜಂಟಿ ಮಾಡಿವ್ನಿ, ಅದನ್ನ ಬುಡಿ, ಇದ ತಕ್ಕೊಳಿ" ಅನ್ನುವ ಹೆಂಗಸು.

ದಾರ ಮುಗಿಯುವಷ್ಟರಲ್ಲಿ ಹುಡುಗಿ ಖಾಲಿ ಬಿದ್ದಿದ್ದ ಮುಂದಿನ ಕೋಣೆಯನ್ನು ಎರಡು ಸಲ ಇಣುಕಿ ನೋಡಿದ್ದಳು. ಫ್ಯಾಕ್ಟರಿ ಹುಡುಗಿಯರ ಪೀಜಿಯಲ್ಲಿ ಒಂದು ಕೋಣೆಗೆ ನಾಲ್ಕು ಜನವಂತೆ, ಓದಲು ಜಾಗವಿಲ್ಲವಂತೆ. ವಾರ ಕಳೆಯುವುದರೊಳಗೆ ಅವಳ ಪುಸ್ತಕ, ಲ್ಯಾಪ್‌ಟಾಪು, ಒಂದು ಚಾಪೆ ಆ ಕೋಣೆಗೆ ಬಂದವು.

ಓದುವುದಕ್ಕೆ ಅವಳಿಗೊಂದು ಕಾರಣವಿತ್ತು. ಅದನ್ನು ಅವಳು ಸಿದ್ದಲಿಂಗಮ್ಮ ಮುದ್ದೆ ತಿರುವುತ್ತಿದ್ದಾಗ ಹೇಳಿದಳು. ಸ್ಟೋರ್ಸಿಗೆ ಮದನ್ ಅನ್ನುವ ಒಬ್ಬ ಎಂಬಿಎ ಹುಡುಗ ಬಂದಿದ್ದ. ಯಾವ ಬೋಲ್ಟು ಯಾವ ರ್‍ಯಾಕಿನಲ್ಲಿ ಅಂತ ಅವನಿಗೆ ತೋರಿಸಿಕೊಟ್ಟದ್ದು ಅರ್ಪಿತ. ಈಗ ಅವಳು ಬರೆದದ್ದರ ಕೆಳಗೆ ಅವನು ಸೈನು ಹಾಕುತ್ತಾನೆ.

"ಕೆಟ್ಟೋನೇನಲ್ಲ ಅಜ್ಜಿ. ಸೈನು ಹಾಕೋ ಮುಂಚೆ ನನ್ನನ್ನೇ ಕೇಳ್ತಾನೆ, ಇದು ಸರೀನಾ ಅಂತ. ಅದಕ್ಕೇ ಹೊಟ್ಟೆ ಉರಿಯೋದು."

"ಅಂಗಾರೆ ನೀನೂ ಸೈನು ಆಕೋಳಾಗ್ಬೇಕು."

"ಹೂಂ. ಒಂದು ಸಲನಾದ್ರೂ."

ಅವಳು ಕೆಲಸದಿಂದ ಬಂದು ಕೈಕಾಲು ತೊಳೆದು, ಫೋನನ್ನು ಅಜ್ಜಿಯ ಕೈಗೆ ಕೊಡುತ್ತಿದ್ದಳು. ಅಜ್ಜಿ ಅದನ್ನು ಅಕ್ಕಿ ಡಬ್ಬದಲ್ಲಿ ಹೂತು ಮುಚ್ಚಳ ಹಾಕುತ್ತಿದ್ದರು. ಪರೀಕ್ಷೆಯಲ್ಲಿ ಮೂರು ಭಾಗ, ಒಂದೊಂದಕ್ಕೆ ನಲವತ್ತು ನಿಮಿಷ. ಬಸ್ಸಿನ ಕಂಡಕ್ಟರಾಗಿದ್ದ ಗಂಡನ ಕೈಗಡಿಯಾರ ಇನ್ನೂ ಓಡುತ್ತಿತ್ತು. ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಸಿದ್ದಲಿಂಗಮ್ಮ ಹೊಸೆಯಲು ಕೂರುವರು. ನಲವತ್ತು ನಿಮಿಷಕ್ಕೆ ಸರಿಯಾಗಿ ಎರಡು ದಾರ. ಎರಡನೆಯದರ ತುದಿ ಕಟ್ಟಿ "ಸಾಕು" ಅನ್ನುವರು.

"ಇನ್ನೊಂದೇ ಒಂದು ನಿಮಿಷ ಅಜ್ಜಿ."

"ಬಸ್ಸು ಓಯ್ತು. ಪೆನ್ನು ಇಡು."

ಒಂದು ತಿಂಗಳು ಕಳೆಯುವಾಗ ಸಿದ್ದಲಿಂಗಮ್ಮನಿಗೆ ಒಂದು ವಿಷಯ ಕಂಡಿತು. ಹುಡುಗಿಯ ಪೆನ್ನು ಮೊದಲು ಸರಸರ ಓಡುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ. ಅರ್ಧ ದಾರ ಹೊಸೆದರೂ ಅಲ್ಲೇ.

"ಸಿಕ್ಕಾದ ಎಳೇನ ಎಳೀತಾ ಕೂತ್ಕೋಬಾರ್ದವ್ವ. ಅದ ಬುಟ್ಟು ಮುಂದಿನ ಎಳೆ ಇಡ್ಕೊಂಡು ಓಗ್ಬೇಕು."

"ನಮ್ಮ ಕೋಚಿಂಗ್ ಕ್ಲಾಸಿನೋರೂ ಅದನ್ನೇ ಹೇಳ್ತಾರೆ, ಐನೂರು ರೂಪಾಯಿ ತಗೊಂಡು."

"ನಾನು ಬಿಟ್ಟಿ ಏಳ್ದೆ. ಕೇಳಿದ್ಯಾ?"

"ಕೇಳ್ದೆ. ಬಿಡೋಕೆ ಬರಲ್ಲ ಅಜ್ಜಿ. ಇದು ನನಗೆ ಬರಬೇಕಿತ್ತಲ್ಲ ಅನ್ಸುತ್ತೆ."

ಲೆಕ್ಕದ ಪುಸ್ತಕ ಸಿದ್ದಲಿಂಗಮ್ಮನಿಗೆ ಬರುವುದಿಲ್ಲ. ಇಂಗ್ಲಿಷಿನ ಪುಟಪುಟ ಓದಿ ಕೆಳಗಿನ ಪ್ರಶ್ನೆಗೆ ಉತ್ತರ ಹುಡುಕುವಾಗ ಹುಡುಗಿ ತುಟಿ ಕಚ್ಚಿಕೊಂಡರೆ, ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು ಹೋಗುವುದು ಬಿಟ್ಟು ಅವರ ಕೈಯಲ್ಲಿ ಇನ್ನೇನೂ ಇರಲಿಲ್ಲ.

ಭಾನುವಾರ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಪರೀಕ್ಷೆ. ಮುಗಿದ ಮೇಲೆ, ನೂರು ಜನರಲ್ಲಿ ಅವಳ ಹಿಂದೆ ಎಷ್ಟು ಜನ ಅನ್ನುವ ಅಂಕಿ ತೋರಿಸುತ್ತಿತ್ತು. ಹುಡುಗಿ ಹೇಳಿದ ಅಂಕಿಯನ್ನು ಸಿದ್ದಲಿಂಗಮ್ಮ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಅದರ ಬೆನ್ನ ಮೇಲೆ ಸೊಟ್ಟಗೆ ಬರೆದಿಡುತ್ತಿದ್ದರು. ೫೮. ೬೩. ೬೦. ಒಂದು ಸಲ ೬೬ ಬಂದು ಹೆಸರುಕಾಳಿನ ಪಾಯಸ ಮಾಡಿದರು. ಮುಂದಿನ ವಾರ ೫೯. ಮುಂಗಾರು ಬಂತು, ಹೋಯಿತು. ಕ್ಯಾಲೆಂಡರಿನ ಬೆನ್ನು ತುಂಬುತ್ತಾ ಬಂತು. ೬೧. ೬೦. ೬೨.

ಒಂದು ದಿನ ಸಿದ್ದಲಿಂಗಮ್ಮ ಒಬ್ಬರೇ ಕೂತು ಆ ಅಂಕಿಗಳನ್ನು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದರು. ಈ ಕೋಣೆಯಲ್ಲಿ ಗೇಟಿರಲಿಲ್ಲ, ಕತ್ತರಿಯಿರಲಿಲ್ಲ. ಲಿಂಗ ಎದೆಯ ಮೇಲೇ ಇತ್ತು, ತಾವೇ ಹೊಸೆದ ದಾರದಲ್ಲಿ. ಆದರೂ ಅಂಕಿ ಅಲ್ಲೇ ಇತ್ತು. ಅವರು ಹಾಳೆಯನ್ನು ತಿರುಗಿಸಿ ತಿಂಗಳು ಕಾಣುವಂತೆ ನೇತುಹಾಕಿದರು.

ಅಕ್ಟೋಬರಿನಲ್ಲಿ ಗಂಗಾಧರಸ್ವಾಮಿ ಮಗಳನ್ನು ನೋಡಲು ಬಂದರು. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಕೈಯಲ್ಲೊಂದು ರಸಬಾಳೆಯ ಚಿಪ್ಪು. ಮಗಳು ಇನ್ನೂ ಫ್ಯಾಕ್ಟರಿಯಿಂದ ಬಂದಿರಲಿಲ್ಲ. ಜಗಲಿಯಲ್ಲಿ ಕೂತು ಅವರೇ ಮಾತು ತೆಗೆದರು.

"ಹೆಂಗೆ ಓದ್ತಾವ್ಳೆ ಅವ್ವಾರೇ?"

"ಓದ್ತಾಳೆ ಸ್ವಾಮಿ. ಒಂದು ದಿನ ತಪ್ಪಿಸಿಲ್ಲ."

"ಅವಳ ತಲೇಲಿ ಏನೂ ಕಮ್ಮಿಯಿಲ್ಲ. ಅವತ್ತು ನನ್ನ ಕಣ್ಣೆದುರಿಗೇ ಕತ್ತರಿ ಹಾಕಿದ್ರಲ್ಲ, ನಾನೂ ಸುಮ್ಮನೆ ನಿಂತ್ಕೊಂಡೆ. ಅದು ನನ್ನ ತಪ್ಪು. ಅದಕ್ಕೇ ಈ ವರ್ಷ ಇನ್ನೊಂದು ಸಲ ಬರೆಯೋಕೆ ಬಿಟ್ಟಿರೋದು." ಅವರು ಬಾಳೆಚಿಪ್ಪನ್ನು ಕೆಳಗಿಟ್ಟರು. "ಹುಲ್ಲಹಳ್ಳಿಯಿಂದ ಒಂದು ಸಂಬಂಧ ಬಂದದೆ. ಅಕ್ಕಿ ಗಿರಣಿಯೋರು, ಹುಡುಗ ಸೋಮಶೇಖರ್ ಅಂತ. ಒಳ್ಳೆ ಜನ, ಕಾಯ್ತಾವ್ರೆ. ಯಾವ ಅಡ್ಡಿನೂ ಇಲ್ದೆ ಬರೆದೂ ಬರಲಿಲ್ಲ ಅಂದ್ರೆ ಅದು ಅವಳ ಹಣೇಲಿಲ್ಲ. ಅವತ್ತೇ ಹುಲ್ಲಹಳ್ಳಿಗೆ ಮಾತು ಕೊಡ್ತೀನಿ. ಹೋದ ಸಲದಂಗೆ ಅಡ್ಡಿ ಬಂತು ಅಂದ್ರೆ ಬೇರೆ ಮಾತು. ಇನ್ನೊಂದು ವರ್ಷ ಬೇಕಾದ್ರೂ ಬಿಡ್ತೀನಿ."

"ಅವ್ಳು ಏನಂತಾಳೆ?"

"ಒಪ್ಕೊಂಡವ್ಳೆ. ಪರೀಕ್ಷೆ ಇರೋ ಭಾನುವಾರವೇ ನನ್ನ ತಂಗಿ ಮನೆ ಗೃಹಪ್ರವೇಶ, ನಾನು ಬರೋಹಂಗಿಲ್ಲ. ನೀವೇ ಜೊತೆಗೆ ಹೋಗಿ ಅವ್ವಾರೇ. ಅಲ್ಲಿ ಏನಾಯ್ತು ಅಂತ ನೀವು ಹೇಳಿದ್ರೆ ಸಾಕು. ಅವಳು ಮಗು, ಏನಾದ್ರೂ ಹೇಳ್ತಾಳೆ. ನಿಮ್ಮ ಮಾತು ಅಂದ್ರೆ ಮಾತು."

ಅವರು ಹೋದ ಮೇಲೆ ಸಿದ್ದಲಿಂಗಮ್ಮನ ತಲೆಯಲ್ಲಿ ಆ ಗೇಟೇ ಉಳಿಯಿತು. ಈ ಸಲವೂ ಕತ್ತರಿ ಹಾಕಿದರೆ? ತಾವು ಹೊಸೆದ ದಾರಕ್ಕೆ? ಓದಿಗೆ ತಮ್ಮಿಂದ ಏನೂ ಆಗಲಿಲ್ಲ, ಇದಾದರೂ ಆಗಲಿ ಅನ್ನಿಸಿತು. ಅತ್ತೆಯ ಲಿಂಗ ನೆನಪಾಯಿತು. ಅತ್ತೆಗೆ ಬೆಳ್ಳಿ ಎಲ್ಲಿಯದು? ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಹಾಗೇ ಗದ್ದೆ ನಾಟಿ ಮಾಡಿ, ಹಾಗೇ ಎಂಟು ಹೆತ್ತರು.

ಹಳೆಯ ಮಗ್ಗದ ಪಂಚೆಯೊಂದರ ಅಂಚು ಬಿಟ್ಟು, ಮೆತ್ತಗಿದ್ದ ಕಡೆ ಕತ್ತರಿಸಿ, ಎರಡು ಪದರ ಮಾಡಿ ಒಂದು ಚೀಲ ಹೊಲಿದರು. ಗುಂಡಿಯಿಲ್ಲ, ಕೊಕ್ಕೆಯಿಲ್ಲ. ಬಾಯಿಗೆ ಶಿವದಾರವನ್ನೇ ಪೋಣಿಸಿದರು. ದಾರವನ್ನು ತಲೆ ದಾಟುವಷ್ಟು ಉದ್ದ ಬಿಟ್ಟರು. ಎರಡು ಸಲ ಹೊಲಿಗೆ ಬಿಚ್ಚಿ ಮತ್ತೆ ಹಾಕಿದರು, ಸಣ್ಣಗಾಗಲಿಲ್ಲವೆಂದು. ಪರೀಕ್ಷೆಗೆ ಮೂರು ದಿನವಿದ್ದಾಗ ಹುಡುಗಿಯ ಕೈಯಲ್ಲಿಟ್ಟರು.

"ತಕ್ಕೊ. ಬಟ್ಟೆ ಕರಡಿಗೆ. ಲೋಹ ಅಂತ ಒಂದು ಎಳೆ ಇಲ್ಲ. ಈಗ ಅದ್ಯಾರು ತಗುಸ್ತಾರೆ ನೋಡ್ತೀನಿ."

ಅರ್ಪಿತ ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು. ಸಂತೋಷಕ್ಕೇ ಹಾಗೆ ನೋಡುತ್ತಿದ್ದಾಳೆ ಅಂದುಕೊಂಡರು ಸಿದ್ದಲಿಂಗಮ್ಮ.

ಭಾನುವಾರ ಇಬ್ಬರೂ ಆಧಾರ್ ತೋರಿಸಿ ಮೈಸೂರಿನ ಮೊದಲ ಬಸ್ಸು ಹತ್ತಿದರು. ಬೆಳ್ಳಿಯ ಕರಡಿಗೆ ಮನೆಯಲ್ಲಿ ದೇವರ ಗೂಡಿನಲ್ಲಿತ್ತು. ಗೇಟಿನಲ್ಲಿ ಒಬ್ಬ ಹೆಂಗಸು ಉದ್ದನೆಯ ಕೋಲಿನಂಥ ಯಂತ್ರ ಹಿಡಿದು ಮೈ ಸವರುತ್ತಿದ್ದಳು. ಅದು ಕೂಗಲಿಲ್ಲ.

"ಕತ್ತಲ್ಲಿ ಏನಮ್ಮ ಅದು?"

"ಲಿಂಗ. ಬಟ್ಟೇಲಿದೆ."

ಆ ಹೆಂಗಸು ಬೆರಳಿಂದ ಮೆಲ್ಲಗೆ ಒತ್ತಿ ನೋಡಿದಳು. "ಸರಿ, ಹೋಗಿ."

ಅಷ್ಟೇ. ಅರ್ಧ ನಿಮಿಷವೂ ಆಗಲಿಲ್ಲ. ಗೇಟಿನಾಚೆ ನಿಂತಿದ್ದ ಸಿದ್ದಲಿಂಗಮ್ಮ ಎರಡೂ ಕೈಯೆತ್ತಿ ನಂಜುಂಡನಿಗೆ ಮುಗಿದರು. ಮರದ ಕೆಳಗೆ ಟವೆಲು ಹಾಸಿ, ಕಾಲ್ಬೆರಳಿಗೆ ನೂಲು ಸಿಕ್ಕಿಸಿ ಹೊಸೆಯತೊಡಗಿದರು. ಆರನೆಯ ದಾರದ ತುದಿ ಕಟ್ಟುವಾಗ ಒಳಗೆ ಗಂಟೆ ಹೊಡೆಯಿತು.

ಅರ್ಪಿತ ಎಲ್ಲರಿಗಿಂತ ಕೊನೆಗೆ ಬಂದಳು.

"ಎಂಗಾಯ್ತವ್ವ?"

"ಒಂದು ಕಡೆ ಸಿಕ್ಕೊಂಡೆ ಅಜ್ಜಿ. ಬಿಡೋಕೆ ಬರಲಿಲ್ಲ."

ಅಷ್ಟರಲ್ಲಿ ಗೃಹಪ್ರವೇಶದ ಮನೆಯಿಂದ ಫೋನು ಬಂತು. ಆ ಕಡೆ ವಾಲಗ, ಜನರ ಗದ್ದಲ. "ಆಯ್ತಪ್ಪಾ, ಬರೆದೆ... ಕೇಳಿಸ್ತಿಲ್ಲ, ಆಮೇಲೆ ಮಾತಾಡ್ತೀನಿ" ಅಂದಳು ಅರ್ಪಿತ. ಬಸ್ಸಿನಲ್ಲಿ ಅಜ್ಜಿಯ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂದಿರಲಿಲ್ಲ. ಅವಳ ಕೈ ಕತ್ತಿನ ಚೀಲವನ್ನು ಹಿಡಿದುಕೊಂಡೇ ಇತ್ತು.

ಡಿಸೆಂಬರಿನ ಕೊನೆಯ ವಾರ, ಒಂದು ಮಧ್ಯಾಹ್ನ, ಸ್ಕೋರು ಬಂತು. ಅರ್ಪಿತ ಫ್ಯಾಕ್ಟರಿಯಿಂದ ಅರ್ಧ ದಿನ ರಜೆ ಹಾಕಿ ಬಂದು, ಜಗಲಿಯ ಮೇಲೆ ಬ್ಯಾಗನ್ನೂ ಇಳಿಸದೆ ಕೂತಳು.

"ಅರವತ್ತೆರಡು."

ಸಿದ್ದಲಿಂಗಮ್ಮ ಒಳಗೆ ಹೋಗಿ ಕ್ಯಾಲೆಂಡರು ಮಗುಚಿ, ಕೆಳಗೆ ಉಳಿದಿದ್ದ ಮೂಲೆಯಲ್ಲಿ ಅದನ್ನೂ ಬರೆದರು. ಮೇಲಿನವುಗಳ ಜೊತೆ ಸೇರಿ ಹೋಯಿತು. ಎಲ್ಲಿ ಮನೆಯದು, ಎಲ್ಲಿ ಮೈಸೂರಿನದು ಅಂತ ಗುರುತೇ ಸಿಗದಷ್ಟು. ಆಗ ಅವರಿಗೆ ಆ ದಿನ ಹುಡುಗಿ ಬಟ್ಟೆಯ ಕರಡಿಗೆಯನ್ನು ನೋಡುತ್ತಾ ಕೂತದ್ದು ನೆನಪಾಯಿತು. ಅದು ಸಂತೋಷವಾಗಿರಲಿಲ್ಲ. ತಾವು ಹೊಲಿದುಕೊಟ್ಟದ್ದು ಚೀಲ, ಕಿತ್ತುಕೊಂಡದ್ದು ಅಡ್ಡಿ ಬಂದಿದ್ದರೆ ಅವಳಿಗೆ ಸಿಗುತ್ತಿದ್ದ ಇನ್ನೊಂದು ವರ್ಷ ಅಂತ ಈಗ ತಿಳಿಯಿತು. ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸದೆ ಅಕ್ಕಿ ಡಬ್ಬದ ಮೇಲೆ ಮಗುಚಿಟ್ಟರು.

ಆಚೆಗೆ ಬಂದಾಗ ಅರ್ಪಿತ ಫೋನು ಕಿವಿಯಿಂದ ಇಳಿಸುತ್ತಿದ್ದಳು.

"ಅಪ್ಪ ಬಸ್ಸು ಇಳಿದ್ರಂತೆ. ನಡ್ಕೊಂಡು ಬರ್ತಾವ್ರೆ. ನಿಮ್ಮ ಹತ್ರನೇ ಕೇಳ್ಬೇಕಂತೆ, ಅವತ್ತು ಏನಾಯ್ತು ಅಂತ."

"ನೀನು ಏನಂದೆ?"

"ಅರವತ್ತೆರಡು ಅಂದೆ. ಗೇಟಿನ ಮಾತು ಇನ್ನೂ ಎತ್ತಿಲ್ಲ."

ಸಿದ್ದಲಿಂಗಮ್ಮ ಕಂಬದ ಹತ್ತಿರ ಕೂತು ನೂಲು ಕೈಗೆತ್ತಿಕೊಂಡರು. ಎಳೆ ಕೂಡಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಮನೆಗೆ ಎಷ್ಟು ದೂರ, ಎಷ್ಟು ನಿಮಿಷ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿ ಕೊರಳಿಂದ ಬಟ್ಟೆಯ ಚೀಲವನ್ನು ಈಚೆಗೆ ತೆಗೆದು, ಬಾಯಿ ಬಿಡಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ದೇವರ ಗೂಡಿನಿಂದ ಬೆಳ್ಳಿಯ ಕರಡಿಗೆ ತಂದಳು. ಅದರೊಳಗೆ ಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಂಡಳು. ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಅಜ್ಜಿಯ ಮಡಿಲಲ್ಲಿಟ್ಟಳು. ಬೀದಿಯ ತಿರುವಿನಲ್ಲಿ ಗಂಗಾಧರಸ್ವಾಮಿಯ ಬಿಳಿ ಪಂಚೆ ಕಾಣಿಸಿತು.

ಅರ್ಪಿತ ಅಜ್ಜಿಯ ಮೊಣಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, ದನಿ ತಗ್ಗಿಸಿ ಕೇಳಿದಳು:

"ಅಜ್ಜಿ, ಈ ಸಲವೂ ಗೇಟಲ್ಲಿ ತೆಗೆಸಿದ್ರು ಅಂತ ಹೇಳ್ತೀರಾ?"